ಡಬ್ಬ ಜುಮ್ ಅಂತೈತೆ

ಮೊನ್ನೆ ಕೆಂಕೆರೆ ಹತ್ತಿರದ ಒಂದು ತೋಟಕ್ಕೆ ಬೋರ್‌ವೆಲ್ ಮೋಟರು ಎತ್ತಲು ಹೋಗಿದ್ದೆ. ಪಂಪ್‌ಹೌಸಿನ ತಗಡಿನ ಬಾಗಿಲು ನೂಕಿದೆ. ವಾರ್ನಿಷ್ ವಾಸನೆ ಮುಖಕ್ಕೆ ಹೊಡೆಯಿತು. ಕೆಂಪು ವಾರ್ನಿಷ್, ಮೋಟರಿನ ತಾಮ್ರದ ಸುರುಳಿಗೆ ಬಳಿಯುವಂಥದ್ದು. ಯಾರೋ ಮುಚ್ಚಳ ಸರಿಯಾಗಿ ಹಾಕದೆ ಟಿನ್ನನ್ನು ಮೂಲೆಯಲ್ಲಿ ಬಿಟ್ಟಿದ್ದರು. ಗಂಟಲಲ್ಲಿ ಕೂತುಬಿಡುವ ವಾಸನೆ ಅದು. ಹೊಸಬರಿಗೆ ತಲೆ ಸುತ್ತುತ್ತದೆ. ನನಗೆ ಸಿಟ್ಟು ಬಂತು.

ವಾಸನೆ ಮೇಲೆ ಯಾಕೆ ಸಿಟ್ಟು ಅಂತ ಕೇಳಬಹುದು. ಆ ವಾಸನೆ ಅಂದರೆ ನನಗೆ ಭಾಯ್. ತಿಪಟೂರಿನಲ್ಲಿ ಮೋಟರು ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದವರು. ಸುಟ್ಟ ಮೋಟರು ಬಿಚ್ಚಿ, ಕರಿದಾದ ತಂತಿ ಕಿತ್ತು, ಹೊಸ ತಂತಿ ಸುತ್ತುವ ಕೆಲಸ. ಅವರು ಹೋಗಿ ಒಂದು ವರ್ಷ ಆಗುತ್ತಾ ಬಂತು. ಅವರು ಸತ್ತದ್ದಕ್ಕೆ ಸಿಟ್ಟಲ್ಲ. ಸಕ್ಕರೆ ಕಾಯಿಲೆ ಇತ್ತು, ಮಾತ್ರೆ ನುಂಗುತ್ತಿರಲಿಲ್ಲ, ಹೋದರು. ಸಿಟ್ಟು ಬೇರೆಯದಕ್ಕೆ.

ನಾನು ಮೋಟರು ಎತ್ತುವವನು. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ಚೈನ್ ಪುಲ್ಲಿ, ಒಂದು ಲಗೇಜ್ ಆಟೊ, ಜೊತೆಗೆ ಇಬ್ಬರು ಆಳು. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟಗಳಲ್ಲಿ ಕೆಟ್ಟ ಮೋಟರು ಎತ್ತಿ ಭಾಯ್ ಅಂಗಡಿಗೆ ತಂದು ಹಾಕುತ್ತಿದ್ದೆ. ಅವರು ಸರಿ ಮಾಡಿದ ಮೇಲೆ ಒಯ್ದು ಮತ್ತೆ ಬಾವಿಗೆ ಇಳಿಸುತ್ತಿದ್ದೆ. ಹಾಗೆ ಗುರುತು.

ದೇವರಂಥ ಮನುಷ್ಯ ಅಂತೆಲ್ಲ ಬರೆಯುವುದಿಲ್ಲ. ಬಾಯಿ ಜೋರು. ಅಡಿಕೆ ಉಗಿಯುವುದು ರಸ್ತೆಗೇ. ಹೇಳಿದ ದಿನಕ್ಕೆ ಯಾವತ್ತೂ ಮೋಟರು ಕೊಟ್ಟವರಲ್ಲ. ತಮ್ಮ ಕನ್ನಡದ ಬಗ್ಗೆ ಭಾರಿ ಜಂಬ. ಮನೆಯಲ್ಲಿ ಉರ್ದು, ಆದರೆ ಬೈಯಬೇಕಾದರೆ ಕನ್ನಡವೇ ಆಗಬೇಕು ಅವರಿಗೆ. ಒಂದು ಸಲ ತೋಟದವರೊಬ್ಬರು ಸುಟ್ಟ ಮೋಟರು ತಂದು ಕೆಳಗಿಟ್ಟರು.

"ಏನಾಗೈತೆ?" ಅಂದರು ಭಾಯ್.

"ಗುಂಯ್ ಅಂತೈತೆ ಸಾಬ್ರೆ. ತಿರುಗಲ್ಲ."

"ಎಷ್ಟೊತ್ತು ಗುಂಯ್ ಅನ್ನಿಸ್ದೆ?"

"ಒಸಿ ಹೊತ್ತು. ಬೀಡಿ ಹಚ್ಕಂಡು ನೋಡ್ತಾ ಕೂತಿದ್ದೆ, ಈಗ ತಿರುಗ್ತೈತೆ ಆಗ ತಿರುಗ್ತೈತೆ ಅಂತ."

"ಬೀಡಿ ಜೊತೆಗೆ ಮೋಟ್ರೂ ಸೇದ್ಬುಟ್ಟಿದೀಯಲ್ಲೋ ಮಾರಾಯ. ನೋಡಿಲ್ಲಿ, ಬೂದಿ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮೋಟರು ಸುಟ್ಟುಕೊಂಡವರೂ ನಕ್ಕರು. ಹಾಗೆ ಇತ್ತು ಅಂಗಡಿ.

ವಿಕಿಯ ಸಹವಾಸ ಅವರಿಗೆ ಹತ್ತಿದ್ದು ಹೀಗೆ. ಬೆಂಗಳೂರಿನ ಒಂದು ಸಂಸ್ಥೆಯವರು ತೋಟದ ಮೋಟರು, ಪಂಪು, ಸ್ಟಾರ್ಟರ್‌ಗಳ ರಿಪೇರಿ ಬಗ್ಗೆ ಒಂದು ವೆಬ್‌ಸೈಟ್ ಮಾಡಿದ್ದರು. ಯಾರು ಬೇಕಾದರೂ ಅದರಲ್ಲಿ ಪುಟ ಬರೆಯಬಹುದು, ಇನ್ನೊಬ್ಬರು ಬರೆದದ್ದನ್ನು ತಿದ್ದಬಹುದು. ಅದಕ್ಕೆ ವಿಕಿ ಅನ್ನುತ್ತಾರೆ. ಇಂಗ್ಲಿಷ್, ಹಿಂದಿ, ಕನ್ನಡ ಮೂರೂ ಇತ್ತು. ಸುತ್ತಮುತ್ತಲ ರಿವೈಂಡಿಂಗ್‌ನವರನ್ನೆಲ್ಲ ಕರೆದು ಉಪ್ಪಿಟ್ಟು ಕೊಟ್ಟು, ನಿಮಗೆ ಗೊತ್ತಿರುವುದನ್ನು ಬರೀರಿ ಅಂದರು. ಉಳಿದವರು ಉಪ್ಪಿಟ್ಟು ತಿಂದು ಎದ್ದು ಹೋದರು. ಭಾಯ್ ಬರೆದರು. ಮಧ್ಯಾಹ್ನ ಊಟ ಆದ ಮೇಲೆ ಅಂಗಡಿಯ ಬೆಂಚಿನ ಮೇಲೆ ಅಡ್ಡ ಬಿದ್ದುಕೊಂಡು, ಎದೆ ಮೇಲೆ ಫೋನ್ ಇಟ್ಟುಕೊಂಡು, ಒಂದೇ ಬೆರಳಲ್ಲಿ ಒತ್ತುತ್ತಾ ಬರೆಯುತ್ತಿದ್ದರು.

ಬರೆದದ್ದೇನೋ ಸರಿ. ಯಾರಿಗೂ ಸಿಗುತ್ತಿರಲಿಲ್ಲ. ಯಾಕೆಂದರೆ ಪುಟದ ಒಳಗೆ ಕನ್ನಡ ಇದ್ದರೂ ಪುಟದ ಹೆಸರು ಇಂಗ್ಲಿಷಿನಲ್ಲೇ ಇತ್ತು, ಕೊನೆಗೆ ಕನ್ನಡದ ಪುಟ ಅಂತ ಒಂದು ಬಾಲ. ನಮ್ಮವರು ಫೋನಿಗೆ ಬಾಯಲ್ಲಿ ಹೇಳಿ ಹುಡುಕುವವರು. ಕನ್ನಡದಲ್ಲಿ ಕೂಗಿದರೆ ಇಂಗ್ಲಿಷ್ ಹೆಸರಿನ ಪುಟ ಎದ್ದು ಬರುತ್ತದಾ? ಭಾಯ್ ಸಂಸ್ಥೆಗೆ ಫೋನ್ ಮಾಡಿದರು. ಆಗ ಅಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದವಳು ಒಬ್ಬ ಹುಡುಗಿ.

"ಏನಮ್ಮ, ಒಳಗೆ ನಮ್ಮನ್ನ ಕೂರ್ಸಿ ಬಾಗ್ಲು ಮ್ಯಾಲೆ ಬ್ಯಾರೆಯೋರ ಬೋರ್ಡ್ ಹಾಕಿದೀರಲ್ಲ. ಜನ ಹೆಂಗಮ್ಮ ಬತ್ತಾರೆ?"

ಆ ಹುಡುಗಿ ಜಗಳ ಮಾಡಲಿಲ್ಲ. ಸರಿ ಸರ್ ಅಂದಳು, ಸರಿ ಮಾಡಿಯೇಬಿಟ್ಟಳು. ಪ್ರತಿ ಭಾಷೆಯವರೂ ತಮ್ಮ ಪುಟಕ್ಕೆ ತಮ್ಮದೇ ಹೆಸರು ಇಡಬಹುದು ಅಂತ ಆಯಿತು. ಒಂದೇ ಪುಟಕ್ಕೆ ಎಷ್ಟು ಹೆಸರು ಬೇಕಾದರೂ ಕೊಡಬಹುದು, ಯಾವ ಹೆಸರಲ್ಲಿ ಕೂಗಿದರೂ ಅದೇ ಪುಟಕ್ಕೆ ಕರೆದುಕೊಂಡು ಹೋಗುತ್ತದೆ ಅಂತಲೂ ಅವಳೇ ತೋರಿಸಿಕೊಟ್ಟಳು. ಇನ್ನೊಂದು ವಿಷಯ ಹೇಳಿದಳು. ಪ್ರತಿ ಪುಟದ ಹೆಸರಿನ ಮುಂದೆ ಅದು ಯಾವ ಗುಂಪಿನದು ಅಂತ ಇನ್ನೊಂದು ಹೆಸರು ಇರುತ್ತದೆ, ಆಮೇಲೆ ಎರಡು ಚುಕ್ಕಿ, ಆಮೇಲೆ ಪುಟದ ಹೆಸರು. ಆ ಮುಂದಿನದಕ್ಕೆ ನಾಮವರ್ಗ ಅನ್ನುತ್ತಾರೆ. ಅದನ್ನೂ ಕನ್ನಡದಲ್ಲೇ ಇಟ್ಟುಕೊಳ್ಳಬಹುದು.

ಫೋನ್ ಇಟ್ಟ ಮೇಲೆ ಭಾಯ್ ನನ್ನ ಮುಖ ನೋಡಿದರು. "ನಾಮವರ್ಗ ಅಂದ್ರೇನ್ಲಾ?"

"ಅಟ್ಟದ ಅಂಕಣ ಇದ್ದಂಗೆ ಕಣ್ರೀ ಭಾಯ್," ಅಂದೆ. "ಕೊಬ್ಬರಿಗೆ ಕಾಯಿ ಏರಿಸ್ತಾರಲ್ಲ, ಒಂದೇ ಅಟ್ಟ, ಅಣ್ಣಂದು ಈ ಅಂಕಣ, ತಮ್ಮಂದು ಆ ಅಂಕಣ. ಕಾಯೆಲ್ಲ ಒಂದೇ ಥರ ಕಂಡ್ರೂ ಯಾವ ಅಂಕಣದ್ದು ಅಂದ್ರೆ ಗೊತ್ತಾಯ್ತದಲ್ಲ."

"ಅಷ್ಟೇನಾ? ಅದಕ್ಕೆ ಇಷ್ಟುದ್ದ ಹೆಸ್ರು ಇಟ್ಟವ್ರೆ ನೋಡು," ಅಂದವರು ಕೂತು ಮೂರು ಅಂಕಣ ಮಾಡಿದರು. ಮೋಟ್ರು, ಸ್ಟಾರ್ಟರ್, ಕೇಬಲ್.

ಅಲ್ಲಿಂದ ನನಗೆ ಒಂದು ಕೆಲಸ ಅಂಟಿಕೊಂಡಿತು. ಊರೂರಿಗೆ ಮೋಟರು ಎತ್ತಲು ಹೋದಾಗ, ಅಲ್ಲಿಯವರು ಕೆಟ್ಟದ್ದನ್ನು ಏನಂತ ಹೇಳುತ್ತಾರೆ ಅನ್ನುವುದನ್ನು ಕೇಳಿಕೊಂಡು ಬರಬೇಕು. ತುರುವೇಕೆರೆ ಕಡೆ ಒಂದು ಮಾತು, ಬೋರನಕಣಿವೆ ಕಡೆ ಒಂದು ಮಾತು. ಗುಂಯ್ ಅಂತೈತೆ ಅನ್ನುವುದನ್ನೇ ಇನ್ನೊಂದು ಊರಲ್ಲಿ ಮೋಟ್ರು ಮುಲುಕ್ತೈತೆ ಅನ್ನುತ್ತಾರೆ. ನಾನು ಬಂದು ಹೇಳಿದರೆ ಭಾಯ್ ಆ ಹೆಸರನ್ನೂ ಹಾಕುತ್ತಿದ್ದರು. ಅಂಗಡಿಗೆ ಬಂದ ಪ್ರತಿಯೊಬ್ಬರ ಫೋನ್ ಕಿತ್ತುಕೊಳ್ಳುತ್ತಿದ್ದರು. "ಕೊಡ್ರೀ ಇಲ್ಲಿ ಫೋನು," ಅಂತ. ಕೇಳುವುದೂ ಇಲ್ಲ ಏನೂ ಇಲ್ಲ, ಆ ವೆಬ್‌ಸೈಟ್ ಒತ್ತಿದ ತಕ್ಷಣ ತೆರೆಯುವ ಹಾಗೆ ಮಾಡಿ ವಾಪಸ್ ಕೊಡುತ್ತಿದ್ದರು. ಒಂದೊಂದು ಪುಟ ಶುದ್ಧ ತರಲೆಯೂ ಇತ್ತು. ಮೋಟರಿಗೆ ಬಳಿದ ವಾರ್ನಿಷ್ ಒಣಗುವ ತನಕ ತಿಪಟೂರಲ್ಲಿ ಟೀ ಎಲ್ಲಿ ಕುಡಿಯಬೇಕು ಅಂತ ಒಂದು ಪುಟ ಬರೆದಿದ್ದರು...

ಆದರೆ ಒಂದು ಪುಟ ತಮಾಷೆಯದಲ್ಲ. ಸ್ಟಾರ್ಟರ್ ಅಂಕಣದಲ್ಲಿತ್ತು. "ಡಬ್ಬ ಜುಮ್ ಅಂತೈತೆ" ಅಂತ ಅದರ ಹೆಸರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೋಟರು ಶುರು ಮಾಡುವ ಬಟನ್ ಇರುವ ಕಬ್ಬಿಣದ ಡಬ್ಬವೇ ಸ್ಟಾರ್ಟರ್. ಒಳಗೆ ಎಲ್ಲೋ ತಂತಿ ಸವೆದು ತಗಡಿಗೆ ತಾಗಿದರೆ, ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತಿಂಗ್ ಕೂಡ ಸರಿ ಇಲ್ಲದಿದ್ದರೆ, ಡಬ್ಬಕ್ಕೇ ಕರೆಂಟ್ ಇಳಿಯುತ್ತದೆ. ಮುಟ್ಟಿದರೆ ಬೆರಳು ಜುಮ್ ಅನ್ನುತ್ತದೆ. ಅದು ಎಚ್ಚರಿಕೆ. ಅಲ್ಲಿಗೆ ನಿಲ್ಲಿಸಿ ಲೈನ್‌ಮನ್ನನ್ನು ಕರೆಯಬೇಕು. ನಮ್ಮ ಕಡೆಯವರು ಏನು ಮಾಡುತ್ತಾರೆ ಗೊತ್ತಾ? ತೆಂಗಿನಕಾಯಿ ಸುಲಿದ ಮಟ್ಟೆ, ಅದೇ ನಾರಿನ ಸಿಪ್ಪೆ, ತಂದು ಡಬ್ಬದ ಕೆಳಗೆ ಹಾಕಿಕೊಳ್ಳುತ್ತಾರೆ. ಅದರ ಮೇಲೆ ನಿಂತು ಬಟನ್ ಒತ್ತುತ್ತಾರೆ. ಮೂರು ಫೇಸ್ ಕರೆಂಟ್ ಬರುವುದೇ ಸ್ವಲ್ಪ ಹೊತ್ತು, ಅಷ್ಟರಲ್ಲಿ ನೀರು ಹಾಯಿಸಬೇಕು, ಲೈನ್‌ಮನ್ ಬರುವ ತನಕ ಯಾರು ಕಾಯುತ್ತಾರೆ? ತೋಟದ ತುಂಬಾ ಮಟ್ಟೆ ಬಿದ್ದಿದೆ. ಒಣ ಮಟ್ಟೆ ಮೇಲೆ ನಿಂತರೆ ಜುಮ್ ಅನ್ನುವುದು ನಿಂತುಹೋಗುತ್ತದೆ. ಸರಿಹೋಯಿತು ಅಂದುಕೊಳ್ಳುತ್ತಾರೆ. ವರ್ಷಗಟ್ಟಲೆ ಹಾಗೇ ನಡೆಯುತ್ತದೆ. ಒಂದು ದಿನ ಮಳೆ ಬರುತ್ತದೆ, ಇಲ್ಲ ಪೈಪ್ ಸೋರುತ್ತದೆ. ಮಟ್ಟೆ ನೀರು ಕುಡಿಯುತ್ತದೆ. ಮೇಲೆ ನೋಡಿದರೆ ಒಣಗಿದ ಹಾಗೇ ಕಾಣುತ್ತದೆ, ಒಳಗೆಲ್ಲ ನೀರು. ಅಭ್ಯಾಸದ ಮೇಲೆ ಹತ್ತಿ ನಿಲ್ಲುತ್ತಾರೆ. ಅಷ್ಟೇ.

ಭಾಯ್ ಅವರ ತಮ್ಮ ಸತ್ತದ್ದು ಹಾಗೆ. ನನಗೆ ಒಂದೇ ಸಲ ಹೇಳಿದರು. ಸುರುಳಿಗೆ ವಾರ್ನಿಷ್ ಬಳಿಯುತ್ತಾ ಇದ್ದರು, ತಲೆ ಎತ್ತಲಿಲ್ಲ.

"ನಾವಿಬ್ರೂ ಹೋಗಿದ್ವಿ ಕಣ್ಲಾ ರಿಪೇರಿಗೆ. ನಾನು ಬಾವಿ ಹತ್ರ ಇದ್ದೆ, ಅವ್ನು ಡಬ್ಬದ ಹತ್ರ. ಆನ್ ಮಾಡ್ಲಾ ಅಂದ. ಮಾಡು ಅಂದೆ. ಮಟ್ಟೆ ಹಾಕವ್ರೆ, ಪರವಾಗಿಲ್ಲ ಅಂತ ಅವ್ನೇ ಕೂಗಿದ..."

ಅಷ್ಟು ಹೇಳಿ ಬ್ರಷ್ ಅದ್ದಿದರು.  

ಆ ಪುಟಕ್ಕೆ ಅವರು ಇಟ್ಟ ಹೆಸರುಗಳು ಬೇರೆ ಯಾವ ಪುಟಕ್ಕೂ ಇರಲಿಲ್ಲ. ಡಬ್ಬ ಜುಮ್ ಅಂತೈತೆ. ಸ್ಟಾರ್ಟರ್ ಶಾಕ್ ಹೊಡೀತೈತೆ. ಬೋರ್ಡು ಕರೆಂಟ್ ಎಳೀತೈತೆ. ಮಟ್ಟೆ ಮ್ಯಾಲೆ ನಿಂತ್ರೆ ಏನಾಯ್ತದೆ. ಯಾರು ಯಾವ ಬಾಯಲ್ಲಿ ಕೇಳಿದರೂ ಅಲ್ಲಿಗೇ ಬರಬೇಕು. ಪುಟದ ಮೊದಲ ಸಾಲೇ, ಮಟ್ಟೆಯನ್ನು ನಂಬಬೇಡಿ, ಕೈ ತೆಗೆಯಿರಿ, ಲೈನ್‌ಮನ್ನಿಗೆ ಹೇಳಿ ಕರೆಂಟ್ ತೆಗೆಸಿ ಅಂತ. ಒಂದು ಸಲ ತುರುವೇಕೆರೆ ಕಡೆಯಿಂದ ಗುರುತೇ ಇಲ್ಲದವರೊಬ್ಬರು ಫೋನ್ ಮಾಡಿ, "ಸಾಬ್ರೆ, ನಿಮ್ಮ ಪುಟ ಓದಿ ಮಟ್ಟೆ ತೆಗ್ದು ಬಿಸಾಕ್ದೆ ಕಣ್ರೀ," ಅಂದರು. ಭಾಯ್ ಆವತ್ತು ಅಂಗಡಿಯಲ್ಲಿದ್ದವರಿಗೆಲ್ಲ ಟೀ ಕೊಡಿಸಿದರು. ರಸ್ತೆಯಲ್ಲಿ ಹೋಗುತ್ತಿದ್ದವರನ್ನೂ ಕರೆದು ಕೊಡಿಸಿದರು. ಮೋಟರು ಮಾತ್ರ ಆವತ್ತೂ ಯಾರಿಗೂ ಕೊಡಲಿಲ್ಲ.

ಆಮೇಲೆ ಆ ಹುಡುಗಿ ಕೆಲಸ ಬಿಟ್ಟಳು. ಅವಳ ಜಾಗಕ್ಕೆ ಒಬ್ಬ ಸಾರ್ ಬಂದರು.

ಸಾರ್ ಕೆಟ್ಟವರಲ್ಲ. ಅದೇ ತೊಂದರೆ. ಕೆಟ್ಟವರಾಗಿದ್ದರೆ ಕೊರಳಪಟ್ಟಿ ಹಿಡಿಯಬಹುದಿತ್ತು. ಮೆತ್ತಗೆ ಮಾತಾಡುತ್ತಾರೆ, ಎಲ್ಲರಿಗೂ ಸರ್ ಅನ್ನುತ್ತಾರೆ. ತಿಪಟೂರಲ್ಲಿ ಮತ್ತೆ ಮೀಟಿಂಗ್ ಇಟ್ಟರು. ಭಾಯ್ ನನ್ನನ್ನೂ ಕರೆದುಕೊಂಡು ಹೋದರು. ಗೋಡೆ ಮೇಲೆ ಬೆಳಕು ಬಿಟ್ಟು ಪುಟಗಳ ಹೆಸರೆಲ್ಲ ತೋರಿಸಿದರು. ಹೊಸ ಸಾಫ್ಟ್‌ವೇರ್ ಬರುತ್ತಿದೆ, ಮೂರೂ ಭಾಷೆಯಲ್ಲಿ ಹೆಸರು ಒಂದೇ ಥರ ಇರಬೇಕು, ಇಂಗ್ಲಿಷ್ ಹೆಸರಿಗೆ ಸರಿಯಾದ ಕನ್ನಡ ಮಾಡಿಸಿದ್ದೇವೆ ಅಂದರು. "ಡಬ್ಬ ಜುಮ್ ಅಂತೈತೆ" ಅನ್ನುವುದಕ್ಕೆ ಅವರು ಮಾಡಿಸಿದ್ದ ಹೆಸರು "ಭೂಸೋರಿಕೆ ವಿದ್ಯುತ್ ದೋಷ". ಸ್ಟಾರ್ಟರ್ ಅನ್ನುವ ಅಂಕಣದ ಹೆಸರು "ಚಾಲನಾ ಸಾಧನ". ನಾನು ನಕ್ಕುಬಿಟ್ಟೆ. ಭಾಯ್ ನಗಲಿಲ್ಲ.

"ಸಾರ್, ಇದನ್ನ ಯಾರ್ ಕೇಳ್ತಾರೆ?" ಅಂದರು.

"ಸರ್, ನೀವು ಮಾಡಿರೋ ಕೆಲಸ ಬಹಳ ದೊಡ್ಡದು. ಆದ್ರೆ ರಾಯಚೂರಿನ ರೈತರಿಗೆ ಜುಮ್ ಅಂದ್ರೆ ಏನು ಗೊತ್ತಾಗುತ್ತೆ ಹೇಳಿ?"

ಆ ಮಾತು ಸುಳ್ಳಲ್ಲ. ನಾನು ರಾಯಚೂರು ನೋಡಿಲ್ಲ. ಅಲ್ಲಿ ಏನನ್ನುತ್ತಾರೋ ಗೊತ್ತಿಲ್ಲ.

"ಅವ್ರು ಏನಂತಾರೋ ಅದನ್ನೂ ಹಾಕಿ ಸಾರ್. ನಿಮ್ಮದನ್ನೂ ಹಾಕಿ. ನಮ್ಮದು ಯಾಕೆ ತೆಗೀತೀರ?"

"ಒಂದು ಪುಟಕ್ಕೆ ಒಂದು ಹೆಸರು ಸರ್. ಇಲ್ಲದಿದ್ರೆ ಎಲ್ಲ ಗಲೀಜಾಗುತ್ತೆ."

ಭಾಯ್ ಎದ್ದು ನಿಂತರು. "ಸಾರ್, ಮನೇಲಿ ನನ್ನ ಮಕ್ಳು ಅಬ್ಬಾ ಅಂತಾರೆ. ಇವ್ನು ಭಾಯ್ ಅಂತಾನೆ. ಹಳ್ಳಿಯೋರು ಸಾಬ್ರು ಅಂತಾರೆ. ರೇಷನ್ ಕಾರ್ಡಲ್ಲಿ ಇನ್ನೊಂದೈತೆ. ಯಾರು ಹೆಂಗ್ ಕರೆದ್ರೂ ತಿರುಗಿ ನೋಡ್ತೀನಿ. ನಾನೇನ್ ಗಲೀಜಾಗಿದೀನಾ?"

ಎಲ್ಲರೂ ಚಪ್ಪಾಳೆ ತಟ್ಟಿದರು. ಸಾರ್ ಕೂಡ ನಕ್ಕು ಚಪ್ಪಾಳೆ ತಟ್ಟಿದರು. ಊಟ ಆಯಿತು, ಫೋಟೊ ಆಯಿತು, ಎಲ್ಲರೂ ಮನೆಗೆ ಹೋದೆವು. ಸ್ವಲ್ಪ ದಿನಕ್ಕೆ ಹೊಸ ಸಾಫ್ಟ್‌ವೇರ್ ಬಂತು. ಹೆಸರುಗಳೆಲ್ಲ ಹೋದವು.

ಪುಟ ಅಳಿಸಿರಲಿಲ್ಲ. ಭಾಯ್ ಬರೆದದ್ದು ಒಂದಕ್ಷರ ಬಿಡದೆ ಒಳಗೇ ಇತ್ತು. ಆದರೆ ಹಳೆ ಹೆಸರಿನಿಂದ ಹೊಸ ಹೆಸರಿಗೆ ದಾರಿ ಇಟ್ಟಿರಲಿಲ್ಲ. ಅಟ್ಟದಲ್ಲಿ ಕೊಬ್ಬರಿ ಇದ್ದ ಹಾಗೇ ಇದೆ, ಏಣಿ ಹೊತ್ತುಕೊಂಡು ಹೋದರು. ಅಂಕಣದ ಹೆಸರು ಬದಲಿಸಿದರೂ ಹಳೆ ಹೆಸರನ್ನು ಪಕ್ಕದಲ್ಲಿ ಉಳಿಸಿಕೊಳ್ಳಬಹುದು, ಅದು ಸಣ್ಣ ಕೆಲಸ ಅಂತ ಆ ಹುಡುಗಿ ಹಿಂದೆ ಹೇಳಿದ್ದಳು. ಸಣ್ಣ ಕೆಲಸ. ಅದನ್ನು ಮಾಡಲಿಲ್ಲ. ಮಾಡಲು ಬರದೆ ಅಲ್ಲ. ನಮ್ಮ ಮಾತು ಅಲ್ಲಿ ಕಸ ಅಂತ ಕಂಡಿತು, ಗುಡಿಸಿದರು.

ಭಾಯ್ ಹಳೆ ಹೆಸರಲ್ಲೇ ಮತ್ತೆ ಪುಟ ಮಾಡಿದರು. ನಕಲು ಪುಟ ಅಂತ ಬೆಂಗಳೂರಿನವರು ತೆಗೆದುಹಾಕಿದರು. ಇನ್ನೊಂದು ಸಲ ಮಾಡಿದರು. ಮತ್ತೆ ತೆಗೆದರು. ಆಮೇಲೆ ಅವರ ಹೆಸರಿನಲ್ಲಿ ಹೊಸ ಪುಟ ಮಾಡಲು ಆಗದ ಹಾಗೆ ಮಾಡಿದರು. ಬೆಂಚಿನ ಮೇಲೆ ಮಲಗಿ ಫೋನ್ ನೋಡುತ್ತಿದ್ದ ಮನುಷ್ಯ, ಎದ್ದು ಕೂತು ಫೋನನ್ನು ಅಂಗಿ ಜೇಬಿಗೆ ಹಾಕಿಕೊಂಡರು. ಅಷ್ಟೇ. ಬೈಯಲಿಲ್ಲ ಕೂಡ. ಬೈಯಬೇಕಿತ್ತು...

ಮುಂಗಾರಿನ ಮೊದಲ ಮಳೆ ಬಿದ್ದ ವಾರ, ಅಮ್ಮಸಂದ್ರದ ಕಡೆ ಒಂದು ತೋಟದಲ್ಲಿ ಯಜಮಾನರೊಬ್ಬರಿಗೆ ಶಾಕ್ ಹೊಡೆಯಿತು ಅಂತ ಸುದ್ದಿ ಬಂತು. ಭಾಯ್ ಗಿರಾಕಿ. ಆ ಮೋಟರು ಎತ್ತಿದ್ದೂ ಇಳಿಸಿದ್ದೂ ನಾನೇ. ಜೀವ ಉಳಿದಿತ್ತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಭಾಯ್ ಜೊತೆ ನೋಡಲು ಹೋದೆ. ಜಗಲಿ ಮೇಲೆ ಕೂತಿದ್ದರು. ಬಲಗೈ ಮುಷ್ಟಿ ಕಟ್ಟಿದ ಹಾಗೆ ಮಡಿಚಿಕೊಂಡಿತ್ತು. ಇನ್ನು ಬಿಚ್ಚುವುದಿಲ್ಲ ಅಂತ ಡಾಕ್ಟ್ರು ಹೇಳಿದ್ದರಂತೆ. ಯಾರೋ ಅಂಗಿ ಗುಂಡಿ ತಪ್ಪಾಗಿ ಹಾಕಿದ್ದರು.

ಮಾತಾಡಿದ್ದು ಅವರ ಹೆಂಡತಿ. ಒಳಗಿನಿಂದ ಫೋನ್ ತಂದು ಭಾಯ್ ಮುಂದೆ ಹಿಡಿದರು.

"ಇದ್ರಲ್ಲಿ ನೀವೇ ಹಾಕ್ಕೊಟ್ಟಿದ್ರಲ್ಲ ಸಾಬ್ರೆ. ಗುಂಯ್ ಅಂದಾಗ ಕೂಗಿದ್ದಕ್ಕೆ ಎಷ್ಟು ಚಂದಾಗಿ ಬಂತು. ಹಂಗೇ ಇದಕ್ಕೂ ಕೂಗ್ದೆ. ಡಬ್ಬ ಜುಮ್ ಅಂತೈತೆ ಅಂದೆ. ಈ ಹೆಸರಿನ ಪುಟ ಇಲ್ಲ ಅಂತು."

"ನಂಗೊಂದು ಫೋನ್ ಮಾಡೋದಲ್ವೇನಮ್ಮ..."

"ಮಾಡಾನ ಅಂದೆ. ಇವ್ರೇ ಬ್ಯಾಡ ಅಂದ್ರು. ಸಾಬ್ರು ಎಲ್ಲಾ ತೊಂದ್ರೇನೂ ಅದ್ರಲ್ಲಿ ಬರ್ದವ್ರೆ, ಇದು ಇಲ್ಲ ಅಂದ್ರೆ ತೊಂದ್ರೆ ಅಲ್ಲ ಅಂತ ತಾನೆ, ಮಟ್ಟೆ ಹಾಕ್ಕೊಂಡ್ರೆ ಆಯ್ತು ಅಂದ್ರು." ಆಮೇಲೆ ಕೇಳಿದರು, "ನಿಮ್ಮ ಪುಟ ಎಲ್ಲಿಗೆ ಹೋಗಿತ್ತು ಸಾಬ್ರೆ?"

ಬೈದದ್ದಲ್ಲ. ನಿಜವಾಗಿಯೂ ಕೇಳಿದರು. ಅದಕ್ಕೇ ತಡೆಯಲು ಆಗಲಿಲ್ಲ.

ನಾನು ಬಾಯಿ ತೆಗೆದೆ. ಭಾಯ್ ತೆಗೆದದ್ದಲ್ಲ, ಬೆಂಗಳೂರಿನವರು ತೆಗೆದದ್ದು ಅಂತ ಹೇಳುವುದಕ್ಕೆ. ಭಾಯ್ ನನ್ನ ತೊಡೆ ಮೇಲೆ ಕೈಯಿಟ್ಟು ಒತ್ತಿದರು. "ತಪ್ಪಾಗೋಯ್ತಮ್ಮ," ಅಂದರು ಆ ಹೆಂಗಸಿಗೆ. ಯಾರದೋ ತಪ್ಪನ್ನು ತಂದು ತಮ್ಮ ತಲೆ ಮೇಲೆ ಹಾಕಿಕೊಂಡರು. ಯಜಮಾನರು ಎಡಗೈಯಲ್ಲಿ ಮಡಿಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡುತ್ತಾ ಇದ್ದರು.

ವಾಪಸ್ ಬರುವಾಗ ಆಟೊದಲ್ಲಿ ನಾನು ಕೂಗಾಡಿದೆ. ಯಾಕೆ ಸುಮ್ಮನಿದ್ರಿ, ಯಾಕೆ ಹೇಳಲಿಲ್ಲ ಅಂತ.

"ಬುಡ್ಲಾ," ಅಂದರು. "ಆಯಮ್ಮನ್ಗೆ ಸಾಫ್ಟ್‌ವೇರ್ ವಿಷ್ಯ ಹೇಳಿದ್ರೆ ಅವ್ರ ಕೈ ಬಿಚ್ಕೊಳ್ತದಾ?"

ಈ 'ಬುಡು' ಅನ್ನುವ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಕಡೆ ಎಲ್ಲದಕ್ಕೂ ಬುಡು. ನಾನು ಬಿಡಲಿಲ್ಲ. ಮನೆಗೆ ಹೋಗುವ ಮೊದಲೇ ಆಟೊ ರಸ್ತೆ ಪಕ್ಕಕ್ಕೆ ನಿಲ್ಲಿಸಿ ಆ ಸಾರ್‌ಗೆ ಫೋನ್ ಮಾಡಿದೆ. ನಡೆದದ್ದೆಲ್ಲ ಹೇಳಿದೆ. ಅವರಿಗೆ ಬೇಜಾರಾಯಿತು, ನಿಜವಾಗಿಯೂ ಆಯಿತು ಅನ್ನಿಸುತ್ತದೆ. ಆಮೇಲೆ ಅಂದರು, "ಆದ್ರೆ ಆ ಪುಟ ಇದೆಯಲ್ಲ ಸರ್. ಈಗಲೂ ಇದೆ. ಲಿಂಕ್ ಕಳಿಸ್ಲಾ?"

"ಪುಟ ಐತೆ ಸಾರ್. ಅದನ್ನ ಕರೆಯೋ ಹೆಸ್ರೆಲ್ಲಿ?"

"ಹುಡುಕೋವಾಗ ಸರಿಯಾದ ಪದ ಬಳಸ್ಬೇಕಾಗುತ್ತೆ."

"ಬೆರಳು ಜುಮ್ ಅಂದೋನ್ಗೆ ಸರಿಯಾದ ಪದ ಯಾವ್ದು ಸಾರ್? ನೀವೇ ಒಂದ್ಸಲ ಮುಟ್ಟಿ ನೋಡಿ, ಬಾಯಲ್ಲಿ ಏನ್ ಬತ್ತದೆ ಅಂತ ಹೇಳಿ."

ಫೋನ್ ಕಟ್ಟಾಯಿತು. ಅವರು ಇಟ್ಟರೋ ಸಿಗ್ನಲ್ ಹೋಯಿತೋ ಗೊತ್ತಿಲ್ಲ. ಮತ್ತೆ ಮಾಡಿದರೆ ಎತ್ತಲಿಲ್ಲ. ಆ ಪುಟ ಸಿಕ್ಕಿದ್ದರೆ ಯಜಮಾನರ ಕೈ ಉಳಿಯುತ್ತಿತ್ತು ಅಂತ ನಾನು ಆಣೆ ಮಾಡಿ ಹೇಳಲಾರೆ. ಓದಿಯೂ ಮಟ್ಟೆ ಹತ್ತುವವರಿದ್ದಾರೆ. ಆದರೆ ಆ ಹೆಂಗಸು ಕೂಗಿದ್ದರು. ಕೂಗಿದವರಿಗೆ ಇಲ್ಲ ಅಂದರು. ಇದ್ದದ್ದನ್ನು ಇಲ್ಲ ಅಂದರು. ನನ್ನ ಸಿಟ್ಟು ಅದಕ್ಕೆ.

ಆಮೇಲೆ ಭಾಯ್ ವಿಕಿಯ ಮಾತೇ ಎತ್ತಲಿಲ್ಲ. ಇನ್ನೊಂದು ಶುರು ಮಾಡಿದರು. ರಿಪೇರಿಗೆ ಬಂದ ಪ್ರತಿ ಸ್ಟಾರ್ಟರ್ ಡಬ್ಬದ ಬಾಗಿಲಿನ ಮೇಲೆ, ಸುರುಳಿಗೆ ಬಳಿದು ಉಳಿದ ಕೆಂಪು ವಾರ್ನಿಷ್‌ನಲ್ಲಿ ಬ್ರಷ್ ಅದ್ದಿ ಬರೆಯುತ್ತಿದ್ದರು. ಜುಮ್ ಅಂದ್ರೆ ಕೈ ತೆಗಿ. ಮಟ್ಟೆ ನಂಬಬ್ಯಾಡ. ಅಕ್ಷರ ಸೊಟ್ಟ. ವಾರ್ನಿಷ್ ಇಳಿದು ಒಂದೊಂದು ಅಕ್ಷರಕ್ಕೆ ಬಾಲ ಬಂದಿರುತ್ತಿತ್ತು. ಕೆಲವರು ನಗುತ್ತಿದ್ದರು. "ಏನ್ ಸಾಬ್ರೆ, ಡಬ್ಬಕ್ಕೂ ಪಾಠನಾ?" ಅಂತ. ಅಂಥವರ ಡಬ್ಬದ ಎರಡೂ ಪಕ್ಕ ಬರೆದು ಕಳಿಸುತ್ತಿದ್ದರು.

ಭಾಯ್ ಕಾಲಿಗೆ ಗಾಯವಾಗಿ ಮಾಯಲಿಲ್ಲ. ಅಂಗಡಿಗೆ ಬರುವುದು ಕಡಿಮೆ ಆಯಿತು. ಆಮೇಲೆ ನಿಂತೇಹೋಯಿತು... ಈಗ ಆ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಬಣ್ಣಬಣ್ಣದ ಕವರ್ ತೂಗುಹಾಕಿದ್ದಾರೆ. ವಾರ್ನಿಷ್ ಬಿದ್ದ ಕೆಂಪು ಕಲೆ ಮಾತ್ರ ಹೊಸ್ತಿಲ ಮೇಲೆ ಹಾಗೇ ಇದೆ, ಎಷ್ಟು ಉಜ್ಜಿದರೂ ಹೋಗಲಿಲ್ಲ ಅಂತ ಆ ಅಂಗಡಿಯವರು ಗೊಣಗುತ್ತಾರೆ. ಹೋಗಬಾರದು.

ಈಗ ಕೆಂಕೆರೆಗೆ ಬರುತ್ತೇನೆ. ವಾಸನೆಗೆ ಮೂಗು ಮುಚ್ಚಿಕೊಂಡು ಒಳಗೆ ಹೋದೆ. ಗೋಡೆ ಮೇಲೆ ಸ್ಟಾರ್ಟರ್ ಡಬ್ಬ. ಬಾಗಿಲ ಮೇಲೆ ಕೆಂಪು ಅಕ್ಷರ, ಬಾಲ ಬಂದ ಅಕ್ಷರ. ಭಾಯ್ ಕೈಬರಹ. ಡಬ್ಬದ ನೇರ ಕೆಳಗೆ, ಕಾಲಿಟ್ಟು ಇಟ್ಟು ಚಪ್ಪಟೆಯಾದ ಒಂದು ಮಟ್ಟೆ.

ತೋಟದವರು ಹಿಂದೆ ನಿಂತಿದ್ದರು. "ಇದು ಜುಮ್ ಅಂತೈತಾ?" ಅಂದೆ.

"ಒಸಿ ಅಂತೈತೆ ಕಣಪ್ಪ. ಒಗ್ಗೋಗೈತೆ."

"ಮ್ಯಾಲೆ ಏನ್ ಬರ್ದೈತೆ ಓದಿದೀರಾ?"

"ಅದಾ? ಅದು ಹಳೇದು ಬುಡು. ಯಾರೋ ಸಾಬ್ರು ಬರ್ದಿದ್ದು."

ಮಟ್ಟೆಯನ್ನು ಒದ್ದೆ. ಬಾಗಿಲ ಆಚೆ ಹೋಗಿ ಬಿತ್ತು. ಬಿದ್ದ ಕಡೆ ನೆಲ ಒದ್ದೆಯಾಯಿತು. ತೋಟದವರು ಅದನ್ನು ನೋಡಿದರು, ನನ್ನನ್ನು ನೋಡಿದರು. ಲೈನ್‌ಮನ್‌ಗೆ ಫೋನ್ ಮಾಡಿ, ಅವನು ಬಂದು ಕರೆಂಟ್ ತೆಗೆದು ಅರ್ತ್ ನೋಡುವ ತನಕ ಮೋಟರು ಎತ್ತುವುದಿಲ್ಲ ಅಂತ ಹೇಳಿ ತೆಂಗಿನ ಬುಡದಲ್ಲಿ ಕೂತೆ. ಇವತ್ತಿನ ನೀರು ಹೋಯಿತಲ್ಲ ಅಂತ ಅವರು ಗೊಣಗಿದರು. ಹೋಗಲಿ ಅಂದೆ.

ಕೂತಲ್ಲೇ ಫೋನ್ ತೆಗೆದೆ. ಭಾಯ್ ಕಿತ್ತುಕೊಂಡು ಹಾಕಿಕೊಟ್ಟಿದ್ದು ಇನ್ನೂ ಇತ್ತು. ಒತ್ತಿ, ಬಾಯಿ ಹತ್ತಿರ ಹಿಡಿದು, ಜೋರಾಗಿ ಹೇಳಿದೆ. ಡಬ್ಬ ಜುಮ್ ಅಂತೈತೆ.

ಈ ಹೆಸರಿನ ಪುಟ ಇಲ್ಲ, ಅಂತ ಬಂತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ನೀವೇ ಈ ಪುಟವನ್ನು ಶುರು ಮಾಡಬಹುದು.

ಆ ಸಾಲು ಮೊದಲೂ ಇದ್ದಿರಬೇಕು. ನಾನು ಓದಿರಲಿಲ್ಲ. ಒತ್ತಿದೆ. ಖಾಲಿ ಜಾಗ ಬಂತು. ಭಾಯ್ ಹೆಸರಿಗೆ ಬೀಗ ಹಾಕಿದ್ದರು, ನನ್ನದಕ್ಕೆ ಹಾಕಿರಲಿಲ್ಲ, ನಾನು ಯಾವತ್ತೂ ಏನೂ ಬರೆದವನಲ್ಲವಲ್ಲ. ಡಬ್ಬದ ಬಾಗಿಲ ಮೇಲೆ ಇದ್ದದ್ದನ್ನು ನೋಡಿಕೊಂಡು ಹಾಗೇ ಒತ್ತಿದೆ. ಜುಮ್ ಅಂದ್ರೆ ಕೈ ತೆಗಿ. ಮಟ್ಟೆ ನಂಬಬ್ಯಾಡ. ಲೈನ್‌ಮನ್‌ಗೆ ಹೇಳು. ಅವನು ಬರೋ ತನಕ ನೀರು ಹೋದ್ರೆ ಹೋಗ್ಲಿ. ಉಳಿಸಿ ಅಂತ ಒತ್ತಿದೆ.

ಮಾರನೇ ದಿನ ನೋಡಿದೆ. ತೆಗೆದಿದ್ದರು. ನಕಲು ಪುಟ.

ಮತ್ತೆ ಬರೆದಿದ್ದೇನೆ. ತೆಗೆಯುತ್ತಾರೆ, ಗೊತ್ತು. ನನಗೂ ಬೀಗ ಹಾಕುತ್ತಾರೆ. ಆಗ ನನ್ನ ಆಳುಗಳಿಬ್ಬರ ಫೋನ್ ಇದೆ, ತೋಟ ತೋಟದಲ್ಲೂ ಒಂದೊಂದು ಫೋನ್ ಇದೆ. ಭಾಯ್ ಹಾಗೆ ನಾನೂ ಕಿತ್ತುಕೊಳ್ಳುತ್ತೇನೆ. ಒಂದೇ ಬೇಜಾರು. ಆವತ್ತು ಉಳಿಸಿ ಅಂತ ಒತ್ತಿದ ಮೇಲೆ, ಸರಿ ಬರೆದಿದ್ದೇನಾ ಅಂತ ಭಾಯ್‌ಗೆ ತೋರಿಸುವುದಕ್ಕೆ ಫೋನ್ ಹಿಡಿದುಕೊಂಡು ಪಕ್ಕಕ್ಕೆ ತಿರುಗಿದೆ. ತೆಂಗಿನ ಬುಡದಲ್ಲಿ ನಾನೊಬ್ಬನೇ ಕೂತಿದ್ದೆ.